ಗುರುಸಿದ್ದಪ್ಪನವರ ತಗಡಿನ ಪೆಟ್ಟಿಗೆ

ಕುಷಾಯಿಗೂಡದ ಗುರುಸಿದ್ದಪ್ಪನವರು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಅವರು 'ತಿರಸ್ಕೃತ' ಎಂದು ಕೆಂಪು ಚೀಟಿ ಕಟ್ಟಿದ ಯಂತ್ರ ಗೇಟು ದಾಟುತ್ತಿರಲಿಲ್ಲ. ಅವರ ಸ್ವಂತ ಕೆಲಸಕ್ಕೆ ಮಾತ್ರ ಯಾರೂ ಎಂದೂ ಆ ಚೀಟಿ ಕಟ್ಟಿದ್ದಿಲ್ಲ. ಈ ಸಂಗತಿಯನ್ನು ಅವರು ಮದುವೆಮನೆಗಳಲ್ಲೂ ಹೇಳಿಕೊಳ್ಳುತ್ತಿದ್ದರು.

ಸೊಸೆ ನೇತ್ರಾ ಹೆರಿಗೆ ರಜೆ ಮುಗಿಸಿ ಮನೆಯಿಂದಲೇ ಕೆಲಸ ಮಾಡುವಳೆಂದಾಗ ವೈ-ಫೈ ಹಾಕಿಸಿದವರು ಅವರೇ. ಎಂಟು ತಿಂಗಳ ಮೊಮ್ಮಗಳು ಸಂಯುಕ್ತಾ ಅಂಬೆಗಾಲಿಡುತ್ತ ಹೋಗಿ ವೈರು ಜಗ್ಗಿಯಾಳೆಂದು ರೌಟರಿಗೊಂದು ತಗಡಿನ ಪೆಟ್ಟಿಗೆಯನ್ನೂ ಮಾಡಿದರು. ಲೋಹದ ಮೈ, ಬೂದು ಬಣ್ಣ, ಬೀಗ, ಎಲ್ಲ ಕಾರ್ಖಾನೆಯ ಪದ್ಧತಿ. ಪ್ರೀತಿಯಿಂದಲೇ ಮಾಡಿದ್ದು, ಪಾಪ.

ಆದರೆ ಒಳಕೋಣೆಯಲ್ಲಿ ನೇತ್ರಾಳ ಮೀಟಿಂಗು ದಿನಕ್ಕೆ ನಾಲ್ಕು ಸಲ ಕಡಿದುಹೋಗುತ್ತಿತ್ತು. ಐವತ್ತು ಎಂಬಿಪಿಎಸ್ ಇದ್ದ ಇಂಟರ್ನೆಟ್ ವೇಗವನ್ನು ಗುರುಸಿದ್ದಪ್ಪ ನೂರು ಮಾಡಿಸಿದರು, ಆಮೇಲೆ ಮುನ್ನೂರು. ಒಂದು ವಿಡಿಯೊ ಮೀಟಿಂಗಿಗೆ ಐದು ಸಾಕು, ನಿಮ್ಮ ಇಡೀ ಮನೆಗೆ ಐವತ್ತೇ ಧಾರಾಳ ಎಂದು ಲೈನಿನವನು ತೆಲುಗಿನಲ್ಲಿ ಬಡಕೊಂಡರೂ ಕೇಳಲಿಲ್ಲ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಪೆಟ್ಟಿಗೆಯ ತೂತಿನಿಂದ ಎಳೆದ ವೈರನ್ನು ತಮ್ಮ ಹಳೆಯ ಕಂಪ್ಯೂಟರಿಗೆ ಜೋಡಿಸಿ ಅಳೆದರೆ ಮಾತ್ರ ಮುನ್ನೂರಕ್ಕೆ ಮುನ್ನೂರೂ ಬರುತ್ತಿತ್ತು.

"ಲೈನ್ ಬರೋಬ್ಬರಿ ಐತಿ. ನಿನ್ನ ಲ್ಯಾಪ್‌ಟಾಪಿನ್ಯಾಗ ದೋಷ ಐತಿ ನೋಡವಾ," ಎಂದು ಸೊಸೆಗೆ ಹೇಳಿಬಿಟ್ಟರು.

"ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ," ಎಂದು ಹೆಂಡತಿ ಉಷಾ ಗೊಣಗಿದರು. "ನಿಮ್ಮ ಪೆಟಗಿ ಒಂದೀಟು ನೋಡ್ರಿ."

"ನನ್ನ ಪೆಟಗಿ?" ಗುರುಸಿದ್ದಪ್ಪ ಎದ್ದು ಹೊರಗೆ ಹೋದರು.

ಗುರುವಾರ ಅಡುಗೆಮನೆಯಲ್ಲಿ ನೇತ್ರಾ ಅಳುವುದು ಅವರಿಗೆ ಕೇಳಿಸಿತು. ನಾಳೆಯ ಮೀಟಿಂಗೂ ಕಡಿದರೆ ಸೋಮವಾರದಿಂದ ದಿನಾ ಬೇಗಂಪೇಟೆ ಆಫೀಸಿಗೇ ಬರಬೇಕೆಂದು ಮೇಲಧಿಕಾರಿಗಳು ಹೇಳಿದ್ದರಂತೆ. "ಕೂಸು ಇನ್ನೂ ಮೊಲಿ ಬಿಟ್ಟಿಲ್ರಿ ಅತ್ತಿ, ಹೆಂಗ ಬಿಟ್ಟು ಹೋಗ್ಲಿ?"

ಶುಕ್ರವಾರ ಮೀಟಿಂಗು ಶುರುವಾಗಿ ಹತ್ತು ನಿಮಿಷವಾಗಿರಬೇಕು.

"ಹೋತ್ರಿ ಮಾವಾರ!"

ರೌಟರಿನ ದೀಪಗಳು ಉರಿಯುತ್ತಿವೆಯೋ ಇಲ್ಲವೋ ನೋಡಲು ಅವರು ಓಡಿಹೋಗಿ ಪೆಟ್ಟಿಗೆ ತೆರೆದರು. ಎಲ್ಲ ಉರಿಯುತ್ತಿದ್ದವು.

"ಬಂತ್ರಿ, ಬಂತು!"

ಮುಚ್ಚಿದರು. "ಮತ್ತ ಹೋತ್ರಿ!" ತೆರೆದರು. ಬಂತು.

ಅವರ ಕೈ ಅಲ್ಲೇ ನಿಂತಿತು. ಕಾರ್ಖಾನೆಯಲ್ಲೊಂದು ಲೋಹದ ಗೋಡೆಯ ಕೋಣೆಯಿತ್ತು. ಬಾಗಿಲು ಹಾಕಿದರೆ ರೇಡಿಯೊ ಅಲೆ ಹೊರಗೆ ಹೋಗುತ್ತಿರಲಿಲ್ಲ. ಎಷ್ಟೋ ವರ್ಷ ಆ ಬಾಗಿಲು ಹಾಕಿದವರು ಇವರೇ. ಗೊತ್ತಿದ್ದೂ ಅಂಥದ್ದನ್ನೇ ಪುಟ್ಟದಾಗಿ ಮಾಡಿ ಸೊಸೆಯ ರೌಟರನ್ನು ಒಳಗೆ ಕೂಡಿಹಾಕಿದ್ದರು. ನಾಚಿಕೆಯಿಂದ ಅವರ ಮುಖ ಬಿಸಿಯಾಯಿತು. ಪೆಟ್ಟಿಗೆಯ ಬಾಗಿಲು ತಾನಾಗಿ ಮುಚ್ಚಿಕೊಂಡೀತೆಂಬ ಹೆದರಿಕೆಗೆ ಮೀಟಿಂಗು ಮುಗಿಯುವ ತನಕ, ಒಂದು ತಾಸು, ಅದನ್ನು ಹಿಡಿದುಕೊಂಡೇ ನಿಂತರು.

ಸಂಜೆ ರೌಟರು ಪಡಸಾಲೆಯ ನಡುಗೋಡೆಯ ಮೇಲೆ, ಕೂಸಿನ ಕೈಗೆ ಎಟುಕದಷ್ಟು ಎತ್ತರದಲ್ಲಿ ಕೂತಿತ್ತು. ಖಾಲಿ ಪೆಟ್ಟಿಗೆ ಮೇಜಿನ ಮೇಲಿತ್ತು. ಅದಕ್ಕೊಂದು ಕೆಂಪು ಚೀಟಿ ಕಟ್ಟಿತ್ತು. ನೇತ್ರಾ ಬಗ್ಗಿ ಓದಿದಳು:

"ತಿರಸ್ಕೃತ. ಕಾರಣ: ತನ್ನ ಕೆಲಸ ಪರೀಕ್ಷಿಸದೆ ಸೊಸೆಯನ್ನು ದೂರಿದ್ದು. ಸಹಿ: ಗುರುಸಿದ್ದಪ್ಪ."

ಅವಳ ಕಣ್ಣುಗಳು ತುಂಬಿ ಬಂದವು. ಕೂಸನ್ನು ತಂದು ಅವರ ತೊಡೆಯ ಮೇಲೆ ಕೂಡಿಸಿದಳು.

"ಆಫೀಸಿನವರು ಒಪ್ಪ್ಯಾರ್ರಿ. ಸೋಮವಾರ ನಾ ಎಲ್ಲಿಗೂ ಹೋಗೂದಿಲ್ರಿ, ಮಾವಾರ."