ಗಾಜಿನಕ್ಕ ಬದಲಾಯಿಸಿದ ನಾಲ್ಕು ಪ್ಲಗ್ಗು

ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಗಾಜಿನಕ್ಕ ಅಂತ. ಕಾರ್ಖಾನೆಯಿಂದ ಗಾಜಿನ ಹಾಳೆಗಳನ್ನು ಪಿಕಪ್ಪಿಗೆ ಹೇರಿಕೊಂಡು, ಕಿಟಕಿ ಮಾಡುವವರ ಅಂಗಡಿಗಳಿಗೆ ಮುಟ್ಟಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಪೆಟ್ರೋಲ್ ಗಾಡಿ. ಮೀಟರು ನಾಲ್ಕು ಲಕ್ಷ ಕಿಲೋಮೀಟರು ದಾಟಿತ್ತು. ಅಷ್ಟೂ ವರ್ಷದಲ್ಲಿ ಒಂದೇ ಒಂದು ಹಾಳೆಯೂ ಬಿರುಕು ಬಿಟ್ಟಿರಲಿಲ್ಲ. ದಾರಿಯ ಗುಂಡಿಗಳೆಲ್ಲ ಅವಳಿಗೆ ಬಾಯಿಪಾಠ.

ಆ ಸೋಮವಾರ ಸೇತುವೆಯ ಏರಿನಲ್ಲಿ ಗಾಡಿ ಮುಗ್ಗರಿಸಿತು. ಎರಡು ಸಲ ಜಗ್ಗಿ, ಉಸಿರು ಕಟ್ಟಿದ ಹಾಗೆ ನಿಂತು, ಧಡಕ್ಕನೆ ಮುಂದಕ್ಕೆ ಹಾರಿತು. ಹಿಂದಿನಿಂದ ಚಟ್ ಅಂತ ಸದ್ದು. ಇಳಿದು ನೋಡಿದರೆ ಆಳೆತ್ತರದ ಹಾಳೆಗೆ ಮೂಲೆಯಿಂದ ಮೂಲೆಗೆ ಗೆರೆ ಬಿದ್ದಿತ್ತು. ಅವಳ ಮುಖ ಸಣ್ಣಗಾಯಿತು.

ನೇರ ತಮ್ಮನ ಗ್ಯಾರೇಜಿಗೆ ಹೋದಳು. ಅವನು ಬೇಡ ಬೇಡ ಅಂದರೂ ಈ ಕಸುಬಿಗೆ ಹಚ್ಚಿದವಳೇ ಅವಳು. ಈಗ ಅವನ ಮುಂದೆ ಹೊಸ ಕಾರುಗಳ ಸಾಲು. ಎಂಜಿನ್ನಿನ ಸದ್ದು ಅರೆಕ್ಷಣ ಕೇಳಿ ಕೈ ಒರೆಸಿಕೊಂಡ.

“ಎಂಜಿನ್ನೇ ಸವೆದಿದೆ ಅಕ್ಕ. ಪಾಪ, ಎಷ್ಟೂಂತ ದುಡಿಯುತ್ತೆ? ಗುಜರಿಗೆ ಕೊಟ್ಟುಬಿಡು.”

“ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆಯೇನೋ?”

“ನೋಡೋದೇನು ಬಂತು? ಮೆಕ್ಯಾನಿಕ್ ನಾನೋ, ನೀನೋ?”

“ನೀನೇ ಕಣಪ್ಪ. ಆ ಪ್ಲಗ್ ಪಾನಾ ಕೊಡು, ಸಾಕು.”

ದಾರಿಯಲ್ಲಿ ನಾಲ್ಕು ಹೊಸ ಪ್ಲಗ್ಗು ಕೊಂಡಳು. ಮರುದಿನ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ, ಮನೆ ಮುಂದೆ ಬಾನೆಟ್ ಎತ್ತಿದಳು. ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತ ಕೂತ ದೂಳು ಊದಿದಳು. ವೈರು ಅದಲುಬದಲಾಗಬಾರದೆಂದು ಒಂದನ್ನು ಬಿಚ್ಚಿ, ಅಲ್ಲಿ ಹೊಸದನ್ನು ಕೂರಿಸಿಯೇ ಮುಂದಿನದಕ್ಕೆ ಕೈಯಿಟ್ಟಳು. ಹೊಸದನ್ನು ಮೊದಲು ಬೆರಳಲ್ಲೇ ತಿರುಗಿಸಿ, ಓರೆಯಾಗಿಲ್ಲ ಅಂತ ಖಾತ್ರಿಯಾದ ಮೇಲೆ ಪಾನಾ ಹಿಡಿದಳು.

“ಏನಮ್ಮಾ, ಗಾಡಿಗೆ ಹಲ್ಲು ಕೀಳ್ತಿದೀಯಾ?” ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಕೇಳಿದರು.

“ಹೊಸ ಹಲ್ಲು ಕಟ್ಟಿಸ್ತಿದೀನಿ ಅತ್ತೆ. ನಿಮ್ಮ ಹಾಗೇ ಅದೂ ಗಟ್ಟಿಮುಟ್ಟಾಗಿರಲಿ.”

ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೇರೆಯವರಾಗಿದ್ದರೆ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿ ಮುರಿದೇ ಬಿಡುತ್ತಿದ್ದರೇನೋ. ಗಾಜು ಎತ್ತಿದ ಕೈ ಅವಳದು. ಎಲ್ಲಿ ಬಲ ಹಾಕಬಾರದು ಅನ್ನುವುದು ಗೊತ್ತು. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಳಗೆ ಹೋಗಿ ಊಟ ಮುಗಿಸಿ ಬಂದಳು. ಕೂದಲೆಳೆಯಷ್ಟು ಸಡಿಲಿಸುವುದು, ಅದರಲ್ಲಿ ಅರ್ಧ ಹಿಂದಕ್ಕೆ ತಿರುಗಿಸುವುದು, ಮತ್ತೆ ಎಣ್ಣೆ. ಮಧ್ಯಾಹ್ನ ಗಂಟೆ ಮೂರಾಯಿತು. ಕೊನೆಗೆ ಅದು ಕಿರ್ರೆಂದು ಗೊಣಗುತ್ತಾ ಕೈಗೆ ಬಂತು.

ಹಳೆಯ ನಾಲ್ಕನ್ನೂ ಅಂಗೈಯಲ್ಲಿ ಹರಡಿಕೊಂಡು ನೋಡಿದಳು. ಕಿಡಿ ಹಾರಿಸುವ ತುದಿ ಸವೆದು ಗುಂಡಗಾಗಿತ್ತು. ಆದರೆ ಒಂದರಲ್ಲೂ ಜಿಡ್ಡಿಲ್ಲ. ಎಲ್ಲವೂ ಒಣಗಿ ತಿಳಿಕಂದು ಬಣ್ಣ. ಎಂಜಿನ್ನು ಸವೆದು ಆಯಿಲ್ ಕುಡಿಯುತ್ತಿದ್ದರೆ ಇವು ಕಪ್ಪಗೆ ಅಂಟಂಟಾಗಿರಬೇಕಿತ್ತು.

ನಾಲ್ಕನೆಯ ಹೊಸದನ್ನೂ ಕೂರಿಸಿ ಕೀಲಿ ತಿರುಗಿಸಿದಳು. ಗಾಡಿ ಒಂದೇ ಮಾತಿಗೆ ಎದ್ದಿತು.

ಬುಧವಾರ ತುಂಬಿದ ಲೋಡಿನಲ್ಲಿ ಸೇತುವೆ ಹತ್ತಿದಳು. ಮೂರನೇ ಗೇರಿನಲ್ಲೇ, ಒಂದು ನಡುಕವಿಲ್ಲದೆ. ಅಲ್ಲಿಂದ ಗ್ಯಾರೇಜಿಗೆ ಹೋಗಿ, ಹಳೆಯ ನಾಲ್ಕು ಪ್ಲಗ್ಗನ್ನು ತಮ್ಮನ ಕೈಗೆ ಸುರಿದಳು. ಅವನು ಬೆಳಕಿಗೆ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದ.

“ಎಂಜಿನ್ ಚೆನ್ನಾಗೇ ಇದೆಯಲ್ಲ ಅಕ್ಕ! ಬಿಚ್ಚಿ ನೋಡದೆ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.” ಒಂದರ ತಿರುಪಿನ ಸುತ್ತಿಗೆ ಹಿಡಿದ ತುಕ್ಕು ಮುಟ್ಟಿದ. “ಇದನ್ನ ಮುರೀದೆ ಹೇಗೆ ತೆಗೆದೆ?”

“ಕಾದೆ.”

ಪಕ್ಕದಲ್ಲಿ ಕಾರಿನವರೊಬ್ಬರು ನಿಂತಿದ್ದರು. ತಮ್ಮ ಅವರ ಕಡೆ ತಿರುಗಿ ದನಿ ಎತ್ತರಿಸಿದ: “ಇವರು ನಮ್ಮಕ್ಕ ಸಾರ್. ನಾಲ್ಕು ಲಕ್ಷ ಓಡಿರೋ ಗಾಡಿ, ಅವರೇ ರಿಪೇರಿ ಮಾಡಿದಾರೆ.”

ಮನೆಯಲ್ಲಿ ಎಂದೂ ಬಹುವಚನ ಹಚ್ಚದ ತಮ್ಮ! ಗಾಜಿನಕ್ಕ ನಗು ತಡೆದುಕೊಂಡು, “ಲೋಡಿದೆ, ಬರ್ತೀನಪ್ಪ,” ಅಂದು ತಲೆಯೆತ್ತಿಕೊಂಡೇ ಗಾಡಿ ಹತ್ತಿದಳು.