ಮಾದೇವಿಯ ತವರಿಗೊಂದು ಪಿಕಪ್

ನನಗೆ ಈಜು ಬರುವುದಿಲ್ಲ. ಗಾಡಿ ಓಡಿಸುವುದನ್ನು ಕಲಿತದ್ದೂ ನಿವೃತ್ತನಾದ ಮೇಲೆಯೇ. ಇಂಥ ಮನುಷ್ಯ ಹರಿಗೋಲು ಹೇರಿಕೊಂಡು ಹೋಗುವುದಕ್ಕೆಂದು ಹಳೇ ಪಿಕಪ್ ಗಾಡಿಯೊಂದನ್ನು ಕೊಂಡು ಮೂರು ವರ್ಷ ರಿಪೇರಿ ಮಾಡಿದ ಎಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ. ಹುಣಸೂರಿನ ನಮ್ಮ ಬೀದಿಯವರೆಲ್ಲ ನಕ್ಕು ಮುಗಿಸಿದ್ದಾರೆ.

ನಾನು ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ತಂಬಾಕು ಸೊಪ್ಪನ್ನು ಒತ್ತಿ ಕಟ್ಟಿದ ಬೇಲುಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಚೀಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಕಿತ್ತು ಮತ್ತೆ ಅಂಟಿಸುತ್ತಿದ್ದೆ. ಚೀಟಿ ನೆಟ್ಟಗಿದ್ದ ಮಾತ್ರಕ್ಕೆ ಸೊಪ್ಪಿಗೆ ಬೆಲೆ ಏರುತ್ತದೆಯೇ ಎಂದು ಹಿಂದೆ ನಿಂತ ರೈತರು ಗೊಣಗುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ನನ್ನದು ನಿವೃತ್ತಿಯಾದರೂ ಹೋಗಲಿಲ್ಲ.

ನಿವೃತ್ತಿಯ ಸಂಜೆ ಕೊರಳಲ್ಲಿ ಬಿದ್ದ ಹಾರವನ್ನು ಗೋಡೆಯ ಮೊಳೆಗೆ ನೇತುಹಾಕಿ, ಇನ್ನು ಮೇಲೆ ಊರೂರು ಸುತ್ತೋಣ, ಮೊದಲು ಎಲ್ಲಿಗೆ, ಕಾಶಿಗೋ ತಿರುಪತಿಗೋ ಎಂದು ಹೆಂಡತಿಯನ್ನು ಕೇಳಿದೆ. ಅವಳ ಹೆಸರು ಮಹದೇವಮ್ಮ, ನನ್ನ ಬಾಯಲ್ಲಿ ಮಾದೇವಿ.

"ಕಾಶಿ ಅಂಗೇ ಇರ್ಲಿ ಬುಡಿ. ನನ್ನ ತವರ್ಗೆ ಒಂದ್ಸಲ ಕರ್ಕಂಡೋಗಿ" ಅಂದಳು.

ಅವಳ ತವರು ಬೇಲಮಾಳ. ಕಬಿನಿಗೆ ಅಣೆಕಟ್ಟು ಬಂದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅವಳಿಗೆ ಎಂಟು ವರ್ಷ. ಪಾತ್ರೆಪಗಡ, ಒಂದು ಕರು ಮತ್ತು ಇವಳನ್ನು ಒಂದೇ ಲಾರಿಗೆ ಹತ್ತಿಸಿ ಸರಗೂರಿನ ಹತ್ತಿರ ಕೊಟ್ಟ ಜಾಗಕ್ಕೆ ತಂದಿಳಿಸಿದರಂತೆ. ನಮ್ಮ ಮದುವೆ ನಡೆದದ್ದು ಅಲ್ಲೇ. ಅತ್ತೆ, ಮಾವ, ಅವಳ ಒಬ್ಬನೇ ಅಣ್ಣ, ಎಲ್ಲರೂ ತೀರಿಕೊಂಡದ್ದೂ ಅಲ್ಲೇ. ಊರಿನ ಮಿಕ್ಕವರು ದಿಕ್ಕಿಗೊಬ್ಬರಂತೆ ಚದುರಿಹೋದರು. ಆದರೂ ಸರಗೂರಿನ ಮನೆಯನ್ನು ಅವಳು ಒಂದು ದಿನವೂ ತವರು ಎನ್ನಲಿಲ್ಲ. "ನಮ್ಮಪ್ಪಾರ್ ಇದ್ದ ಜಾಗ" ಎನ್ನುತ್ತಿದ್ದಳು.

ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆಗಳ ಬುಡ ಕಾಣುತ್ತದಂತೆ, ಆಗ ನಡೆದುಕೊಂಡೇ ಹೋಗಿ ನೋಡಬಹುದಲ್ಲ ಎಂದೆ.

"ಬ್ಯಾಡ. ಒಣಗಿರೋವಾಗ ನೋಡುದ್ರೆ ಹೆಣ ನೋಡ್ದಂಗಾಯ್ತದೆ. ನೀರು ತುಂಬಿರೋವಾಗ ಹೋಗಿ, ನಮ್ಮನೆ ಮೇಲೆ ಒಂದ್ ಗಳಿಗೆ ನಿಂತ್ಕಂಡು ಬರಾಣ" ಅಂದಳು.

ನನಗೆ ಸಂದರ್ಭ ಗೊತ್ತಾಗದೆ ಗಾದೆ ಹೇಳುವ ಚಟ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅನ್ನುತ್ತಾರೆ, ನಿನ್ನ ಲೆಕ್ಕದಲ್ಲಿ ಊರೇ ನೀರಿಗೆ ಬಂದುಬಿಟ್ಟಿದೆ ನೋಡು ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಈಗ ನೆನೆಸಿಕೊಂಡರೆ ನನ್ನ ನಾಲಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ತವರು ಎನ್ನುವುದು ಹೆಂಗಸರಿಗೆ ಮಾತ್ರ ಇರುವ ಊರು. ರಾಗಿಕಲ್ಲಿನ ಮುಂದೆ ಕುಳಿತ ಅಜ್ಜಿಯರು ಗಂಡನ ಮನೆಯ ರಾಗಿಯನ್ನೇ ಬೀಸುತ್ತ ತವರನ್ನು ಹಾಡುತ್ತಿದ್ದರು. ಪಕ್ಕದಲ್ಲಿದ್ದ ಗಂಡಂದಿರಿಗೆ ಅದರಲ್ಲಿ ತಮ್ಮ ಹೆಸರು ಬರಲಿಲ್ಲವೆಂಬ ಬೇಸರವೂ ಇದ್ದಂತಿಲ್ಲ. ಗಂಡಸಿಗೆ ಅಂಥದೊಂದು ಊರಿಲ್ಲ. ಅವನು ಎಲ್ಲವನ್ನೂ ಬಿಟ್ಟು ಗಾಡಿ ಹತ್ತಿದವನಲ್ಲವಾದ್ದರಿಂದ ಆ ಸಂಕಟದ ತೂಕ ಅವನಿಗೆ ತಿಳಿಯುವುದು ಕಷ್ಟ. ಇದು ನನ್ನ ಸಮರ್ಥನೆಯಲ್ಲ, ತಡವಾಗಿ ಬಂದ ತಿಳಿವಳಿಕೆ.

ಹುಣಸೂರಿನಿಂದ ಕಬಿನಿ ದಾರಿಯ ಕೋಟೆ ಪೇಟೆಗೆ ಬೇಕಾದಷ್ಟು ಬಸ್ಸುಗಳಿವೆ. ಹಿನ್ನೀರಿನ ದಡದಲ್ಲಿ ಮೀನು ಹಿಡಿಯುವವರ ಹರಿಗೋಲುಗಳಿವೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದಿತ್ತು. ಇದು ನನಗೆ ತಿಳಿಯದ್ದೇನಲ್ಲ. ಆದರೆ ಹೆಂಡತಿ ಜೀವಮಾನದಲ್ಲಿ ಒಂದು ಕೇಳಿದ್ದಾಳೆ, ಅದನ್ನು ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಮುಗಿಸುವುದೇ? ನಮ್ಮದೇ ಗಾಡಿ, ನಮ್ಮದೇ ಹರಿಗೋಲು ಇರಬೇಕು. ಕಬಿನಿ ಆದಮೇಲೆ ತಾರಕ, ನುಗು, ಚುಂಚನಕಟ್ಟೆಯ ಕಾವೇರಿ, ಹೀಗೆ ನೀರಿದ್ದ ಕಡೆಯೆಲ್ಲ ಇಬ್ಬರೂ ತೇಲಬೇಕು. ಕೆ.ಆರ್. ನಗರದ ಬುಟ್ಟಿ ಹೆಣೆಯುವವರ ಕೈಲಿ ಹೇಳಿ ಮಾಡಿಸಿದ ಬಿದಿರಿನ ಹರಿಗೋಲು ಮೊದಲು ಮನೆಗೆ ಬಂತು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ, ಎತ್ತ ತಳ್ಳಿದರೂ ಅದೇ ಮುಂದು. ಮಾದೇವಿ ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ನಿಮಗೆ ಸರ್ಯಾದ ಜೋಡಿ" ಅಂದಳು.

ಪಿಕಪ್ ಸಿಕ್ಕಿದ್ದು ಗಾವಡಗೆರೆಯಲ್ಲಿ. ತಂಬಾಕು ಹೊತ್ತು ಹೊತ್ತು ಸುಸ್ತಾಗಿ ಹೊಂಗೆಮರದ ಕೆಳಗೆ ನಿಂತಿದ್ದ ಆ ಗಾಡಿಯ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮರಿಯಾಗುವವರೆಗೆ ಗಾಡಿ ಕೊಡುವುದಿಲ್ಲ ಎಂದ ಅದರ ಒಡೆಯ. ಕಾದೆ. ಕೊನೆಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹುಣಸೂರಿಗೆ ತಂದಾಗ ಅದರಲ್ಲಿ ಸರಿಯಿದ್ದದ್ದು ಹಾರ್ನ್ ಒಂದೇ. ಬಿಸಿಲೇರಿದರೆ ಒಳಗಿನಿಂದ ಹದಗೊಳಿಸಿದ ಸೊಪ್ಪಿನ ಘಾಟು ಏಳುತ್ತಿತ್ತು. ಮಾದೇವಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ರಿಟೇರ್ ಆದ್ರೂ ಆಫೀಸು ಮನೆಗೇ ಬಂತಲ್ರೀ" ಎಂದು ಸೀನುತ್ತಿದ್ದಳು.

ಮೆಕ್ಯಾನಿಕ್ ಮುನೀರ್ ಸಾಬರು ನನ್ನ ಓರಗೆಯವರು. ವಾರಕ್ಕೆರಡು ದಿನ ನಮ್ಮ ಅಂಗಳಕ್ಕೇ ಬಂದು ಕೆಲಸ ಕಲಿಸಿಕೊಡುತ್ತಿದ್ದರು. ಮೊದಲ ವರ್ಷ ಎಂಜಿನ್ನು, ಗೇರ್‌ಬಾಕ್ಸು. ಎರಡನೆಯ ವರ್ಷ ಮಳೆಗಾಲಕ್ಕೆ ಗಾಡಿ ಓಡುವಂತಾಯಿತು. ರಿವರ್ಸ್ ಗೇರ್ ಮಾತ್ರ ಬೀಳುತ್ತಿರಲಿಲ್ಲ.

"ಸಾರ್, ಡ್ಯಾಮ್ ತುಂಬದೆಯಂತೆ. ಅಮ್ಮಾವ್ರ್ನ ಕರ್ಕಂಡೋಗಿ ಬಂದ್ಬುಡಿ. ಮಿಕ್ಕಿದ್ದು ಆಮೇಲ್ ನೋಡಾಣ" ಎಂದರು ಸಾಬರು.

ಹಿಂದಕ್ಕೆ ಬರಲಾರದ ಗಾಡಿಯಲ್ಲಿ ಹೆಂಡತಿಯನ್ನು ನೀರಿನಂಚಿಗೆ ಒಯ್ಯುವುದು ಹೇಗೆ ಎಂದೆ. ಅದರಲ್ಲಿ ನ್ಯಾಯವಿತ್ತು. ಆದರೆ ರಿವರ್ಸ್ ಸರಿಯಾದ ಮೇಲೆ ಬಾಗಿಲು ಕಿರುಗುಟ್ಟುತ್ತದೆ ಎಂದೆ. ಬಾಗಿಲು ಸುಮ್ಮನಾದ ಮೇಲೆ ಸೀಟಿನ ಹೊಲಿಗೆ ಸೊಟ್ಟ ಎಂದೆ. ಅದರಲ್ಲಿ ಯಾವ ನ್ಯಾಯವೂ ಇರಲಿಲ್ಲ, ಚೀಟಿ ಅಂಟಿಸುವ ಹಳೇ ರೋಗವೇ ಅದು. ಇನ್ನೊಂದು ನಿಜವನ್ನೂ ನಿಮ್ಮಲ್ಲಿ ಹೇಳಿಬಿಡುತ್ತೇನೆ. ಗಾಡಿಯ ಕೆಳಗೆ ಮಲಗಿ ಮೈಕೈ ಗ್ರೀಸ್ ಮಾಡಿಕೊಳ್ಳುವುದು ನನಗೆ ಬಹಳ ಸುಖವಾಗಿತ್ತು. ಅವಳ ಆಸೆಯ ಹೆಸರಿನಲ್ಲಿ ನಾನು ನನ್ನ ಆಟ ಆಡುತ್ತಿದ್ದೆ.

ಸಂಜೆ ಟೀ ತಂದು ಅವಳು ಚಕ್ರದ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಕೆಳಗಿನಿಂದ ನನಗೆ ಅವಳ ಪಾದ ಮತ್ತು ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅವಳು ಊರಿನ ಮಾತು ತೆಗೆಯುತ್ತಿದ್ದಳು. "ಮಾರಿಗುಡಿಯಿಂದ ಇಂಗೆ ಬಂದ್ರೆ ಒಂದು ಬಾವಿ. ಬಾವಿ ಬುಟ್ಟು ಅಂಗೇ ತಿರೀಕಂಡ್ರೆ..." ಎನ್ನುವಷ್ಟರಲ್ಲಿ ನಾನು ಕೈ ಚಾಚಿ ಹದಿನಾಲ್ಕರ ಸ್ಪ್ಯಾನರ್ ಕೊಡು ಎನ್ನುತ್ತಿದ್ದೆ. ಅವಳು ಹುಡುಕಿ ಕೊಡುತ್ತಿದ್ದಳು. ಮತ್ತೆ ಬಾವಿಯಿಂದ ಶುರು ಮಾಡುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವರ ಹೂಂ ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಮಳೆಗಾಲ ಬಂದಾಗ ಗಾಡಿಯಲ್ಲಿ ರಿಪೇರಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆದ್ದರಿಂದ ಬಣ್ಣ ಹೊಡೆಸಿದೆ. ಮೊದಲು ಹೊಡೆದ ನೀಲಿ ಹಿಡಿಸದೆ ಕೆರೆಸಿ ಇನ್ನೊಂದು ನೀಲಿ ಹೊಡೆಸಿದೆ. ಅದು ಒಣಗಿ ಮನೆಗೆ ಬರುವಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟು ಕಬಿನಿ ಇಳಿಯುತ್ತಿತ್ತು. ಮಾದೇವಿಗೆ ಹೇಳಲು ನಾಚಿಕೆಯಾಯಿತು.

"ಆಯ್ತು ಬುಡಿ. ನೀರೆಲ್ಲೋದದು? ಬರೋ ವರ್ಸ ಹೋಗಾಣ" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು.

ಯುಗಾದಿ ಕಳೆದು ಎರಡು ವಾರಕ್ಕೆ, ಅಂಗಳದಲ್ಲಿ ಹಪ್ಪಳ ಒಣಗಲು ಹಾಕಿ ಜಗಲಿಯ ಮೇಲೆ ಬಂದು ಕುಳಿತವಳು ಮತ್ತೆ ಏಳಲಿಲ್ಲ. ಆ ನೀಲಿ ಪಿಕಪ್ಪಿನಲ್ಲಿ ಅವಳು ಮೊದಲ ಸಲ ಹೋದದ್ದು ಆಸ್ಪತ್ರೆಗೆ, ಎರಡನೆಯ ಸಲ ಅಲ್ಲಿಂದ ಮನೆಗೆ. ಗಾಡಿ ಎರಡು ಸಲವೂ ಒಂದೇ ಕೀಲಿಗೆ ಚಾಲೂ ಆಯಿತು.

ಈ ಶ್ರಾವಣದಲ್ಲಿ ಡ್ಯಾಮ್ ತುಂಬಿದೆ ಎಂದು ಮುನೀರ್ ಸಾಬರು ಬಂದು ಹೇಳಿ ಹೋದರು. ಮರುದಿನ ಹರಿಗೋಲು ಹೇರಿಕೊಂಡು ನಾನೊಬ್ಬನೇ ಹೊರಟೆ. ಹೆಣ್ಣು ಕೊಟ್ಟ ಮನೆಗೆ ಬರಿಗೈಲಿ ಹೋಗಬಾರದೆಂದು ಕೋಟೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ ತೆಗೆದುಕೊಂಡೆ. ಅಂತರಸಂತೆ ದಾಟಿದರೂ ಗಾಡಿ ಎಲ್ಲೂ ಕೆಮ್ಮಲಿಲ್ಲ. ಎಲ್ಲಾದರೂ ಕೆಟ್ಟು ನಿಂತಿದ್ದರೆ ಚೆನ್ನಾಗಿತ್ತು, ಕೈಗೆ ಕೆಲಸ ಸಿಗುತ್ತಿತ್ತು.

ದಡದಲ್ಲಿ ಮೀನು ಹಿಡಿಯುವ ಪುಟ್ಟಸ್ವಾಮಿ ಎಂಬ ಐವತ್ತರ ಆಸಾಮಿ ವರ್ಷಗಟ್ಟಲೆ ನೀರು ಕಾಣದೆ ಒಣಗಿ ಸಂದು ಬಿಟ್ಟಿದ್ದ ನನ್ನ ಹರಿಗೋಲನ್ನು ಕೈಯಲ್ಲಿ ತಟ್ಟಿ ನೋಡಿದ. "ಇದ್ರಲ್ಲಿ ಅನ್ನ ಬಸಿಬೋದು ಸಾ, ನೀರ್ಗಿಳಿಯಂಗಿಲ್ಲ" ಎಂದು ತನ್ನದನ್ನೇ ಎಳೆದು ತಂದ. ಕೂತೆ. ಎರಡು ಕೈಯಲ್ಲೂ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಸುಮಾರು ದೂರ ಹೋದಮೇಲೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಇದೇ ಬೇಲಮಾಳ ಅಂತಾರೆ ಸಾ. ಬೇಸ್ಗೇಲಿ ಗ್ವಾಡೆ ಕಾಣ್ತವೆ. ಎಲ್ ನಿಲ್ಲುಸ್ಲಿ?"

ಸುತ್ತಲೂ ನೀರು. ಮಾರಿಗುಡಿಯಿಂದ ಬಾವಿ. ಬಾವಿ ಬಿಟ್ಟು ತಿರುಗಿದರೆ. ಎಡಕ್ಕೋ, ಬಲಕ್ಕೋ? ಅವಳು ಹೇಳಿದ್ದಳು, ನೂರು ಸಲ ಹೇಳಿದ್ದಳು. ನನಗೆ ನೆನಪಾದದ್ದು ಹದಿನಾಲ್ಕರ ಸ್ಪ್ಯಾನರ್ ಒಂದೇ. ಇಲ್ಲಿಯವರೆಗೆ ಬರುವುದಕ್ಕೆ ಬೇಕಾದದ್ದು ಗಾಡಿಯಲ್ಲ, ಅವಳು ಎಂಬುದು ನನಗೆ ಹೊಳೆದದ್ದು ಆಗ. ಬಂದ ಅಳುವನ್ನು ತಡೆಯಲಿಲ್ಲ. ಪುಟ್ಟಸ್ವಾಮಿ ನೋಡದವನಂತೆ ಬೇರೆ ಕಡೆ ತಿರುಗಿ ಕೂತ.

"ಮನೆ ಯಾವುದು ಅಂತ ಗೊತ್ತಿಲ್ಲ ಕಣಪ್ಪ" ಎಂದೆ ಕೊನೆಗೆ.

"ಮತ್ತೇನ್ ಮಾಡಾಣ ಸಾ?"

"ಊರೆಲ್ಲಾ ಒಂದ್ ಸುತ್ತು ಹಾಕು. ಒಂದ್ ಬೀದೀನೂ ಬುಡಬ್ಯಾಡ."

ಅವನು ಹುಟ್ಟು ಎತ್ತಿಕೊಂಡ. ಮಾವನ ಮನೆ ಯಾವುದೆಂದು ತಿಳಿಯದ ಅಳಿಯ ನಾನು, ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಆ ಊರನ್ನು ಸುತ್ತಿದೆ. ಎಲ್ಲೋ ಒಂದು ಕಡೆ ಅವಳ ಮನೆಯ ಮೇಲೆ ಹಾದುಹೋಗಿಯೇ ಇರುತ್ತೇವೆ.