ಪಾಜಿ ರಜೆ ಕೇಳಿದ ರೀತಿ

ಕೊಲ್ಲಿ ನಾಡಿನ ಶುವೈಖ್‌ನ ಕಾರು ಗ್ಯಾರೇಜೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ಒಂದು ದಿನ ನಮ್ಮ ಹಿರಿಯ ಮೆಕ್ಯಾನಿಕ್ ನನ್ನ ಮೇಜಿನ ಮುಂದೆ ಕುಳಿತರು. ಪಂಜಾಬಿನ ಸರ್ದಾರ್ಜಿ, ನಮಗೆಲ್ಲ ಅವರು ಪಾಜಿ, ಅಂದರೆ ಅಣ್ಣ. ಮಗಳ ಮದುವೆಗೆ ಅವರಿಗೆ ಹದಿನೈದು ದಿನ ರಜೆ ಬೇಕಿತ್ತು. ನಮ್ಮ ಮ್ಯಾನೇಜರೋ, ಅರಬ್ಬಿಯ 'ಲಾ', ಅಂದರೆ 'ಇಲ್ಲ', ಎಂಬುದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ.

ಬರೆದು ಓದಿದೆ: "ಐ ನೀಡ್ ಲೀವ್..."

"ನಿಲ್ಸು ಪುತ್ತರ್! ಬೇಕು ಅನ್ನೋದು ಮೊದಲೇ ಬಂತಾ?"

"ಇಂಗ್ಲಿಷ್ ಹಾಗೇ ಪಾಜಿ."

"ನಮ್ಮಲ್ಲಿ ಮೈನೂ ಛುಟ್ಟೀ ಚಾಹೀದೀ ಹೈ. ಬೇಕು ಅನ್ನೋದು ಕೊನೆಗೆ. ನಿಮ್ಮಲ್ಲಿ?"

"ನನಗೆ ರಜೆ ಬೇಕು," ಎಂದೆ. ಅರೆ, ತದ್ರೂಪ! ನನ್ನ ಮಂಗಳೂರಿಗೂ ಅವರ ಜಲಂಧರಿಗೂ ಎಲ್ಲಿಂದೆಲ್ಲಿಯ ನಂಟು! ಪಾಜಿ ನನ್ನ ಬೆನ್ನಿಗೆ ಗುದ್ದಿದ ರಭಸಕ್ಕೆ ಪೆನ್ನು ಕೆಳಗೆ ಬಿತ್ತು.

"ಮತ್ತೆ ಒಳಗೆ ಕಾಲಿಡೋ ಮೊದಲೇ ಊಟ ಹಾಕಿ ಅನ್ನೋ ಹಾಗೆ ಯಾಕೆ ಬರೀತೀ?" ಎಂದವರೇ ಎದ್ದುಹೋದರು. ಹೋಗಲಿ, ಪೆಟ್ಟು ತಿಂದೇ ಕಲಿಯಲಿ ಎಂದುಕೊಂಡೆ, ಸಿಟ್ಟಿನಲ್ಲಿ.

ಮರುದಿನ ಪಾಜಿ ಗ್ರೀಸ್ ತೊಳೆದು, ಹೊಸ ಪೇಟ ಕಟ್ಟಿ, ಲಡ್ಡುವಿನ ಡಬ್ಬಿ ಮತ್ತು ಮದುವೆ ಕಾರ್ಡು ಹಿಡಿದು ಬಂದರು. ಅವರ ಊರಿನಲ್ಲಿ ಸಿಹಿ ಇಡದೆ ಮದುವೆಗೆ ಕರೆಯುವುದಿಲ್ಲವಂತೆ. ಬೇಕಾದೀತೆಂದು ಅರ್ಜಿ ಹಿಡಿದು ನಾನೂ ಅವರ ಹಿಂದೆ ಮ್ಯಾನೇಜರ ಕೋಣೆಗೆ ಹೋದೆ.

"ಬಾಬಾ, ಉಮ್ಮಾನ ಮಂಡಿನೋವು ಹೇಗಿದೆ?" ಮ್ಯಾನೇಜರ ತಾಯಿಯ ಕ್ಷೇಮದಿಂದ ಪಾಜಿಯ ಮಾತು ಶುರು. ಆಮೇಲೆ ಲಡ್ಡು. ಆಮೇಲೆ ಕಾರ್ಡು. "ನನ್ನ ಮಗಳ ಮದುವೆ. ನೀವು ಮನೆಮಂದಿಯೆಲ್ಲ ಬರಬೇಕು."

"ಮಬ್ರೂಕ್, ಶುಭಾಶಯ!" ಮ್ಯಾನೇಜರ್ ಎದ್ದುನಿಂತು ಅಪ್ಪಿಕೊಂಡರು. "ನಾನು ಬಂದರೆ ಗ್ಯಾರೇಜು ಯಾರು ನೋಡ್ತಾರೆ? ನೀನು ಹೋಗು. ಅಪ್ಪನಿಲ್ಲದೆ ಮದುವೆಯಾ? ಯಲ್ಲಾ, ಹೊರಡು, ಹದಿನೈದು ದಿನ!"

ರಜೆ ಎಂಬ ಮಾತನ್ನು ಪಾಜಿ ಎತ್ತಲೇ ಇಲ್ಲ.

ಹೊರಗೆ ಬಂದು ಅರ್ಜಿ ಹರಿಯಹೊರಟೆ. "ಹರೀಬೇಡ ಪುತ್ತರ್, ಚೆನ್ನಾಗಿ ಬರೆದಿದೀಯ," ಎಂದು ಅರ್ಧ ಲಡ್ಡು ನನ್ನ ಬಾಯಿಗಿಟ್ಟರು. ಹಿಂದಿನ ವರ್ಷ ನನಗಾಗಿ ನಾನೇ ಬರೆದುಕೊಂಡ ರಜೆ ಅರ್ಜಿಯಲ್ಲೂ ಒಂದೂ ತಪ್ಪಿರಲಿಲ್ಲ. ಮ್ಯಾನೇಜರ್ ಮೊದಲ ಸಾಲು ಓದಿ 'ಲಾ' ಎಂದು ಮಡಚಿಟ್ಟಿದ್ದರು. ನನ್ನ ತಂಗಿಯ ಮದುವೆ ಎರಡನೆಯ ಸಾಲಿನಲ್ಲಿತ್ತು.